ಎರಡು ಸಾವಿರ ಕೊಟ್ಟಿದ್ದಾರೆ, ಕಣ್ಣು ತೆರೆಸಿ

ಮಂಡ್ಯದ ಯಜಮಾನರು ಇವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದರು. "ಏನು ಫೋಟೋದವರೇ, ಮಗಳು ಬಾಣಂತನಕ್ಕೆ ಬರುವ ಹೊತ್ತಾಯಿತು, ಮದುವೆ ಆಲ್ಬಂ ಮಾತ್ರ ಬರಲಿಲ್ಲವಲ್ಲ?"

ಈ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಲಿ, ಯಜಮಾನರಿಗೆ ಮಾತ್ರ ಕೇಳುವ ಹಕ್ಕಿಲ್ಲ. ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಮದುವೆಯ ಅರಿಶಿನ ಇನ್ನೂ ಮಾಸುವ ಮೊದಲೇ ಅವರ ಕೈಗೆ ಕೊಟ್ಟಿದ್ದೆ. ಬೇಕಾದವನ್ನು ಆರಿಸಿ ನಂಬರು ಬರೆದು ಕಳಿಸಿ ಎಂದಿದ್ದೆ. ಪೆನ್‌ಡ್ರೈವು ಅವತ್ತೇ ಬೀರು ಸೇರಿ, ಒಡವೆ ಡಬ್ಬಿಯ ಪಕ್ಕದಲ್ಲಿ ಭದ್ರವಾಗಿ ಕುಳಿತಿತು. ನಂಬರು ಬರಲಿಲ್ಲ. ಬಂದದ್ದು ಫೋನು ಮಾತ್ರ.

ನಾನು ಈ ಕಸುಬಿಗೆ ಇಳಿದು ಒಂದು ವರ್ಷ. ಅದಕ್ಕೆ ಮುಂಚೆ ಮೈಸೂರಿನ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದೆ. ಪ್ರತಿ ತಿಂಗಳು 20ನೇ ತಾರೀಕು ಬಂತೆಂದರೆ ಜಿಎಸ್‌ಟಿ ರಿಟರ್ನಿನ ಜ್ವರ. ಜುಲೈ ಬಂತೆಂದರೆ 31ರೊಳಗೆ ಆದಾಯ ತೆರಿಗೆಯ ಲೆಕ್ಕ ಸಲ್ಲಿಸಬೇಕಾದವರೆಲ್ಲ 29ಕ್ಕೆ ಚೀಲದ ತುಂಬ ರಸೀದಿ ತುಂಬಿಕೊಂಡು ಬಂದು ಮೇಜಿನ ಮೇಲೆ ಸುರಿಯುತ್ತಿದ್ದರು. ಅಂಕಿಗಳ ಸಹವಾಸ ಸಾಕು, ಮುಖಗಳನ್ನು ನೋಡಿಕೊಂಡು ಬದುಕೋಣ ಎಂದು ರಾಜೀನಾಮೆ ಕೊಟ್ಟು, ಕುವೆಂಪುನಗರದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು ಬೋರ್ಡು ತಗುಲಿಸಿದೆ. ಈಗ ಜುಲೈ ಬಂದರೆ ನಿರಾಳ. ಎಷ್ಟು ನಿರಾಳವೆಂದರೆ ಆಷಾಢದಲ್ಲಿ ಒಂದು ಮದುವೆಯೂ ಇರುವುದಿಲ್ಲ. ಇಡೀ ಊರು ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ನಾನೂ ಹೋಗುತ್ತೇನೆ. ಉಳಿದವರು ತಾಯಿಯ ಬಳಿ ಏನು ಕೇಳುತ್ತಾರೋ, ನಾನು ಶ್ರಾವಣ ಬೇಗ ಬರಲಿ ಎಂದು ಕೇಳುತ್ತೇನೆ.

ವರ್ಷದಲ್ಲಿ ಏನೇನು ಕಲಿತಿರಿ ಎಂದು ಹಳೆಯ ಕಚೇರಿಯವರು ಸಿಕ್ಕಾಗ ಕೇಳುತ್ತಾರೆ. ಬೀಗರ ಊಟದಲ್ಲಿ ಫೋಟೋದವನು ಕೂರುವುದು ಕೊನೆಯ ಪಂಕ್ತಿಯಲ್ಲಿ, ಅಷ್ಟು ಹೊತ್ತಿಗೆ ಮುದ್ದೆ ಇರುತ್ತದೆ, ಸಾರೂ ಇರುತ್ತದೆ, ತುಂಡು ಇರುವುದಿಲ್ಲ. ಮೇಲುಕೋಟೆಯ ರಾಯಗೋಪುರದ ಕೆಳಗೆ ಮದುವೆಗೆ ಮುಂಚಿನ ಫೋಟೋ ತೆಗೆಸಲು ಬೆಳಗಿನ ಜಾವವೇ ಬನ್ನಿ ಎಂದರೆ ಹುಡುಗಿಯ ಅಲಂಕಾರ ಮುಗಿಯುವುದು ಸೂರ್ಯ ನೆತ್ತಿಗೆ ಬಂದ ಮೇಲೆ. ಇಂಥವು ಬೇಕಾದಷ್ಟಿವೆ, ಹೇಳಲು ಬೇಸರ.

ಯಜಮಾನರ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದರಿಂದ ಮಧ್ಯಾಹ್ನದ ಬಸ್ಸಿಗೆ ಬಂದೇಬಿಟ್ಟರು. ಆರಿಸುವುದು ತಾನೇ, ಒಂದು ಗಂಟೆಯ ಕೆಲಸ ಎಂದುಕೊಂಡು ಕಾಫಿ ತರಿಸಿದೆ. ಅವರು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು, ಚೀಲದಿಂದ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ತೆಗೆದರು. ರಟ್ಟಿನ ಮೇಲೆ ಅರಿಶಿನದ ಬೆರಳಚ್ಚು, ಮೊದಲ ಪುಟದಲ್ಲಿ 'ಶ್ರೀ', ಅದರ ಕೆಳಗೆ ಹೆಸರು, ಊರು, ಮೊತ್ತ.

ಮುಯ್ಯಿ ಪುಸ್ತಕ!

ಮೊದಲ ಫೋಟೋ ತೆರೆದೆ. ವೇದಿಕೆಯ ಮೇಲೆ ವಧೂವರರ ಪಕ್ಕದಲ್ಲಿ ಒಂದು ಕುಟುಂಬ. ಯಜಮಾನರು ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವಿದರು. "ಕೆ.ಆರ್. ಪೇಟೆಯವರು. ಸಾವಿರದ ಒಂದು. ಹಾಕಿ." ಮುಂದಿನದು. "ಇವರು ನೂರೊಂದು. ಮನೆ ಮಂದಿಯೆಲ್ಲ ಬಂದು, ಹಿಂದಿನ ರಾತ್ರಿಯ ಆರತಕ್ಷತೆಯ ಊಟವನ್ನೂ ಮಾಡಿದ್ದಾರೆ. ಬಿಡಿ." ಮತ್ತೊಂದು. "ಇವರು ಬರೆಸಿಯೇ ಇಲ್ಲ. ಆದರೆ ಬರುವ ಮಾಘದಲ್ಲಿ ಅವರ ಮನೆಯಲ್ಲೂ ಮದುವೆ ಇದೆ. ಮೂಲೆಯಲ್ಲಿ ಸಣ್ಣದಾಗಿ ಇರಲಿ."

ಆಲ್ಬಮ್ಮಿನ ಹಾಳೆ 12 ಇಂಚು ಎತ್ತರ, 36 ಇಂಚು ಅಗಲ. ಅದರಲ್ಲಿ ಯಾರಿಗೆ ಎಷ್ಟು ಜಾಗ ಎಂಬುದನ್ನು ಬೆಳಕು, ಭಾವ, ಬಣ್ಣ ನೋಡಿ ನಿರ್ಧರಿಸಬೇಕೆಂದು ನಾನು ತಿಳಿದಿದ್ದೆ. ಯಜಮಾನರ ಪ್ರಕಾರ ಐದು ಸಾವಿರದ ಒಂದಕ್ಕೆ ಅರ್ಧ ಹಾಳೆ, ಐನೂರೊಂದಕ್ಕೆ ಅಂಗೈಯಗಲ.

ತೊಡಕು ಶುರುವಾದದ್ದು ಮದ್ದೂರಿನ ಒಬ್ಬರಿಂದ. ಅವರು ಎರಡು ಸಾವಿರದ ಒಂದು ಬರೆಸಿದ್ದರು. ಆದರೆ ನಾನು ತೆಗೆದ ಅಷ್ಟೂ ಫೋಟೋಗಳಲ್ಲಿ ಅವರ ಕಣ್ಣು ಮುಚ್ಚಿವೆ. ಅವರು ಹುಟ್ಟಿರುವುದೇ ಹಾಗೆ, ಫ್ಲ್ಯಾಶ್ ಬೆಳಗುವುದಕ್ಕೂ ರೆಪ್ಪೆ ಬೀಳುವುದಕ್ಕೂ ಒಂದೇ ಮುಹೂರ್ತ. "ಎರಡು ಸಾವಿರ ಕೊಟ್ಟಿದ್ದಾರೆ, ಕಣ್ಣು ತೆರೆಸಿ" ಎಂದರು ಯಜಮಾನರು. ಹೇಗೆ ತೆರೆಸಲಿ ಎಂದರೆ, "ಅವರ ತಮ್ಮನ ಕಣ್ಣೂ ಹೀಗೆಯೇ ಇವೆ, ಅವನದ್ದೇ ತೆಗೆದು ಕೂರಿಸಿ. ಅವನು ಬರೆಸಿರುವುದು ಇನ್ನೂರೊಂದೇ, ಏನೂ ಅಂದುಕೊಳ್ಳುವುದಿಲ್ಲ."

ನಾಗಮಂಗಲದ ಇನ್ನೊಬ್ಬರು ಹಣ ಬರೆಸಿ, ಊಟ ಮುಗಿಸಿ, ವೇದಿಕೆ ಹತ್ತದೆಯೇ ಹೊರಟುಹೋಗಿದ್ದರು. ಕೊಟ್ಟದ್ದು ಐದು ಸಾವಿರದ ಒಂದು. ಯಜಮಾನರು ಅವರಿಗಾಗಿ ಒಂದೊಂದೇ ಫೋಟೋವನ್ನು ದೊಡ್ಡದು ಮಾಡಿಸಿ ಹುಡುಕಿದರು. ಕೊನೆಗೆ ಧಾರೆಯ ಫೋಟೋದಲ್ಲಿ, ಅಕ್ಷತೆ ಎರಚುವ ಕೈಗಳ ನಡುವೆ, ಅರ್ಧ ಕಿವಿ ಮತ್ತು ವಾಚು ಕಟ್ಟಿದ ಮಣಿಕಟ್ಟು ಸಿಕ್ಕವು. "ಇದೇ! ಇದು ಅವರ ವಾಚೇ!" ಎಂದು ಕುಣಿದಾಡಿದರು. ಧಾರೆಯ ಫೋಟೋದಲ್ಲಿ ವಧೂವರರನ್ನು ಸ್ವಲ್ಪ ಎಡಕ್ಕೆ ಕತ್ತರಿಸಿ, ಆ ಮಣಿಕಟ್ಟು ಎದ್ದು ಕಾಣುವಂತೆ ಮಾಡಬೇಕಂತೆ. ನಾನು ಬಿಟ್ಟುಬಂದ ಕಚೇರಿಯಲ್ಲಿಯೂ ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ಎಂದು ಎರಡು ಪಟ್ಟಿಗಳಿರುತ್ತಿದ್ದವು. ಅವಕ್ಕೆ ಯಾರೂ ಬಣ್ಣ ತಿದ್ದಿ ಹೊಳೆಯುವ ರಟ್ಟು ಹಾಕಿಸುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕತ್ತಲಾಗುವ ಹೊತ್ತಿಗೆ ಒಂದು ಫೋಟೋ ಬಂತು. ಛತ್ರದ ಉಗ್ರಾಣದ ಬಾಗಿಲಲ್ಲಿ, ಅಕ್ಕಿ ಮೂಟೆಗೆ ಒರಗಿ ಮದುಮಗಳ ಅಜ್ಜಿ ಕುಳಿತಿದ್ದಾರೆ. ಪಕ್ಕದ ಕಿಟಕಿಯಿಂದ ಬೆಳಕು ಅರ್ಧ ಮುಖಕ್ಕೆ ಮಾತ್ರ ಬಿದ್ದಿದೆ. ಸೆರಗಿನ ತುದಿಯಲ್ಲಿ ಎರಡು ಲಾಡು ಕಟ್ಟಿಕೊಳ್ಳುತ್ತಿದ್ದಾರೆ, ಯಾರಾದರೂ ನೋಡಿದರೇನೋ ಎಂಬ ಅನುಮಾನ ಕಣ್ಣಲ್ಲಿ. ನನ್ನ ಇಡೀ ವರ್ಷದ ದುಡಿಮೆಯಲ್ಲಿ ನನಗೆ ಹಿಡಿಸಿದ್ದು ಇದೊಂದೇ ಎಂದರೂ ಆದೀತು. ಯಜಮಾನರು ಸ್ವಲ್ಪ ಹೊತ್ತು ನೋಡಿದರು. "ನಮ್ಮ ಅವ್ವ. ಜರಿ ಸೀರೆ ಉಟ್ಟದ್ದು ಬೇರೆ ಇದೆಯಲ್ಲ, ಅದು ಸಾಕು" ಎಂದು ಪುಟ ತಿರುವಿದರು.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಬೀದಿಯ ಮಕ್ಕಳನ್ನೂ ಬಡವರನ್ನೂ ಕಪ್ಪು ಬಿಳುಪಿನಲ್ಲಿ ಹಿಡಿದಿಟ್ಟರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳಲ್ಲಿ ನಗುವ ಆ ಮಕ್ಕಳಲ್ಲಿ ಒಬ್ಬರಾದರೂ ಮುಯ್ಯಿ ಬರೆಸಿರಲಾರರು. ಕೆಲಸ ಬಿಡುವ ಮೊದಲು ಅವರ ಚಿತ್ರಗಳನ್ನು ನೋಡುತ್ತ ರಾತ್ರಿ ನಿದ್ದೆಗೆಡುತ್ತಿದ್ದೆ. ಈಗಲೂ ನಿದ್ದೆಗೆಡುತ್ತೇನೆ, ಮದ್ದೂರಿನವರ ಕಣ್ಣು ತೆರೆಸುತ್ತ.

ಅಜ್ಜಿಯ ಫೋಟೋವನ್ನು ಯಜಮಾನರಿಗೆ ಹೇಳದೆ ಹದಿನಾರನೆಯ ಹಾಳೆಗೆ ಸೇರಿಸಿದ್ದೇನೆ. ಅಲ್ಲಿ ಇನ್ನೂರೊಂದರ ತಮ್ಮ ಇದ್ದ. ಅವನ ಕಣ್ಣನ್ನಂತೂ ಕಿತ್ತಾಯಿತು, ಜಾಗವನ್ನೂ ಕೊಡಲಿ.

ಹೊರಡುವಾಗ ಯಜಮಾನರು ಪುಸ್ತಕವನ್ನು ಚೀಲಕ್ಕೆ ಸೇರಿಸಿ, ಉಳಿದ ಬಾಕಿ ಹಣವನ್ನು ಆಲ್ಬಂ ಕೈಗೆ ಬಂದ ಮೇಲೆ ನೋಡೋಣ ಎಂದರು. ಮೆಟ್ಟಿಲಿಳಿಯುತ್ತ ಏನೋ ನೆನಪಾಗಿ ತಿರುಗಿದರು. "ಅಂದಹಾಗೆ ಫೋಟೋದವರೇ, ಈಗಲೇ ಪ್ರಿಂಟಿಗೆ ಕಳಿಸಬೇಡಿ. ಗುರುವಾರ ನಮ್ಮ ಬೀಗರು ಬರುತ್ತಾರೆ. ಗಂಡಿನ ಕಡೆಯ ಪುಸ್ತಕ ಅವರ ಹತ್ತಿರ ಇದೆ."