ಮಾದಾವರದ ಮೆಟ್ರೊಗೆ ಬಟವಾಡಿಯಲ್ಲಿ ಬಾಡಿಗೆ

ತುಮಕೂರಿನ ಬಟವಾಡಿ, ಕ್ಯಾತ್ಸಂದ್ರದ ಕಡೆ ಹೆದ್ದಾರಿಯ ಆಚೀಚೆ ಎದ್ದಿರುವ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮನೆ ಕೇಳಲು ಹೋಗುವವರು ಮೊದಲು ತಿಳಿದಿರಬೇಕಾದದ್ದು, ಅಲ್ಲಿ ಬಾಡಿಗೆ ನಿಗದಿಯಾಗುವುದು ಇರುವ ಸೌಕರ್ಯಕ್ಕಲ್ಲ, ಬರಲಿರುವ ಸೌಕರ್ಯಕ್ಕೆ ಎಂಬುದನ್ನು. ಬೆಂಗಳೂರಿನ ನಮ್ಮ ಮೆಟ್ರೊ 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರ ಮುಟ್ಟಿತು. ಅಲ್ಲಿಂದ ತುಮಕೂರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಿದ್ದು, ಆ ದಾರಿಯಲ್ಲಿ ಇದುವರೆಗೆ ಸಂಚರಿಸಿರುವುದು ಮೆಟ್ರೊ ವಿಸ್ತರಣೆಯ ವರದಿಗಳು ಮಾತ್ರ. ಆದರೆ ಬ್ರೋಕರ್ ಮಹಾಶಯರು ಬಾಲ್ಕನಿಯಲ್ಲಿ ನಿಂತು ಕೈ ಚಾಚಿ, ಎದುರಿನ ರಾಗಿ ಹೊಲದಲ್ಲಿ ಸ್ಟೇಷನ್ನಿನ ಮೆಟ್ಟಿಲು ಎಲ್ಲಿ ಇಳಿಯುತ್ತದೆ ಎಂಬುದನ್ನೂ ತೋರಿಸಬಲ್ಲರು. 'ಇವತ್ತಲ್ಲ ನಾಳೆ ಬಂದೇ ಬರುತ್ತೆ ಸಾರ್' ಎನ್ನುತ್ತಾರೆ. ಮೆಟ್ರೊ ಎಂದು ಬರುವುದೋ, ಬಾಡಿಗೆ ಮಾತ್ರ ತಿಂಗಳ ಐದನೇ ತಾರೀಖಿನೊಳಗೆ ಬರತಕ್ಕದ್ದು. ಅಲ್ಲಿಯವರೆಗೆ ಬಾಡಿಗೆದಾರನು ಬೆಳಗಿನ ರೈಲಿನ ಬಾಗಿಲ ಬಳಿ ಯಶವಂತಪುರದವರೆಗೆ ಒಂಟಿ ಕಾಲಿನಲ್ಲಿ ನಿಂತುಕೊಂಡೇ ಮೆಟ್ರೊ ಪಕ್ಕದ ಮನೆಗೆ ಬಾಡಿಗೆ ಕಟ್ಟುತ್ತಿರುತ್ತಾನೆ.

ನೀರಿನ ವಿಷಯವೂ ಇದೇ ಬಗೆಯದು. ಗೊರೂರಿನ ಅಣೆಕಟ್ಟೆಯಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿಯ ಕೆರೆಗೆ ಬಂದು, ಬಳಿಕ ಶುದ್ಧಗೊಂಡು ನಗರಕ್ಕೆ ಬರುವ ಹೇಮಾವತಿ, ಹೊಸ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಹರಿಯುತ್ತಾಳೆ. ಅಡುಗೆಮನೆಯಲ್ಲಿ ಎರಡು ನಲ್ಲಿಗಳಿರುತ್ತವೆ. ಹೇಮಾವತಿಯ ನಲ್ಲಿಯನ್ನು ತಿರುಗಿಸಿದರೆ ಮೊದಲು ಒಂದು ನಿಟ್ಟುಸಿರು, ಬಳಿಕ ಸ್ವಲ್ಪ ಸಿಮೆಂಟ್ ಪುಡಿ ಬೀಳುತ್ತದೆ. ಕನೆಕ್ಷನ್ನಿಗೆ ಅರ್ಜಿ ಹಾಕಿದ್ದಾರಂತೆ. ಇನ್ನೊಂದರಲ್ಲಿ ಬರುವ ಬೋರ್‌ವೆಲ್ ನೀರು, ತೊಳೆದಿಟ್ಟ ಸ್ಟೀಲ್ ಲೋಟದ ಮೇಲೆ ಒಣಗುವಷ್ಟರಲ್ಲಿ ರಂಗೋಲಿ ಬರೆದಿರುತ್ತದೆ. ಆ ಬೋರ್‌ವೆಲ್ಲೂ ಕೈಕೊಟ್ಟ ದಿನ ಟ್ಯಾಂಕರ್ ಬರುತ್ತದೆ, ಅದರ ಖರ್ಚು ಮೇಂಟೆನೆನ್ಸ್ ಎಂಬ ಹೆಸರಿನಲ್ಲಿ ಮನೆಮನೆಗೆ ಬರುತ್ತದೆ.

ಲಿಫ್ಟಿನ ಒಳಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಇನ್ನೂ ಕಿತ್ತಿಲ್ಲ, ಏಕೆಂದರೆ ಲಿಫ್ಟೇ ಇನ್ನೂ ಮೇಲೇರಿಲ್ಲ. ಓಸಿ, ಅಂದರೆ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ, ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ, ಕಟ್ಟಡ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಲ್ಲೇ ಸಂಸಾರಗಳನ್ನು ನಡೆಸುವ ಜಾಣ್ಮೆ ಹುಟ್ಟಿಕೊಂಡಿದೆ. ಹೀಗಾಗಿ ಒಂದೇ ಕಟ್ಟಡ ಬೆಸ್ಕಾಂ ಲೆಕ್ಕದಲ್ಲಿ ಇನ್ನೂ ಕಟ್ಟುತ್ತಲೇ ಇದೆ, ಬ್ರೋಕರ್ ಲೆಕ್ಕದಲ್ಲಿ ಹಾಲುಕ್ಕಿಸಲು ಸಿದ್ಧವಾಗಿದೆ.

ಇಷ್ಟನ್ನೆಲ್ಲ ಒಪ್ಪಿದವನನ್ನು ಮನೆ ಒಪ್ಪಬೇಕಲ್ಲ! ಬೆಂಗಳೂರಿನಲ್ಲಿ ವಾಸವಿರುವ ಮಾಲೀಕರು ಸಂದರ್ಶನಕ್ಕೆಂದು ಭಾನುವಾರ ಬರುತ್ತಾರೆ. ಸಂಬಳದ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ, 'ತಪ್ಪು ತಿಳ್ಕೋಬೇಡಿ, ತಾವು ಯಾವ ಪೈಕಿ?' ಎಂಬ ಪ್ರಶ್ನೆ ಬರುತ್ತದೆ. ತಪ್ಪು ತಿಳಿಯದೆ ಉತ್ತರಿಸಿದರೆ, 'ನಮಗೇನಿಲ್ಲ, ಅಕ್ಕಪಕ್ಕದವರು ಒಪ್ಪಲ್ಲ' ಎನ್ನುತ್ತಾರೆ. ಇಪ್ಪತ್ತು ಮನೆಗಳಲ್ಲಿ ಹದಿನೆಂಟು ಖಾಲಿಯಿರುವ ಕಟ್ಟಡದಲ್ಲಿ ಆ ಅಕ್ಕಪಕ್ಕದವರು ಯಾರೆಂದು ಕೇಳುವಂತಿಲ್ಲ. ಮೊಟ್ಟೆಯ ಬಗ್ಗೆ ಪ್ರತ್ಯೇಕ ವಿಚಾರಣೆಯಿದೆ. ಮದುವೆಯಾಗದ ಹುಡುಗರನ್ನಂತೂ ಗೇಟಿನಲ್ಲೇ ವಾಚ್‌ಮನ್ ವಿಲೇವಾರಿ ಮಾಡಿಬಿಡುತ್ತಾನೆ.

ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದೆಂದು ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಬರೆದು ರಾಜ್ಯಗಳಿಗೆ ಕಳಿಸಿತು. ಮಾದರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದು ನಮ್ಮ ವಾಡಿಕೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಮಾತ್ರ ಮೆಟ್ರೊಗಿಂತ ಎಷ್ಟೋ ಮೊದಲು ತುಮಕೂರು ತಲುಪಿದೆ. ಕರಾರಿನ ಅವಧಿ ಹನ್ನೊಂದು ತಿಂಗಳು, ಏಕೆಂದರೆ ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಬ್ರಿಟಿಷರ ಆ ಒಂದು ಕಾಯ್ದೆಗೆ ನಮ್ಮ ಮಾಲೀಕರು ತೋರುವ ಭಯಭಕ್ತಿಯನ್ನು ಬೇರೆ ಯಾವ ಕಾಯ್ದೆಗೂ ತೋರಿದ್ದನ್ನು ನಾನು ಕಂಡಿಲ್ಲ.

ಕರಾರಿನ ಕೊನೆಯ ಪುಟದಲ್ಲಿ, ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದೆಂಬ ಸಾಲಿರುತ್ತದೆ. ಹೊಸ ಗೋಡೆಗೆ ಹನ್ನೊಂದು ತಿಂಗಳಲ್ಲಿ ಬಣ್ಣವೇಕೆ ಎಂದು ಕೇಳಿದರೆ, ಅದು ಎಲ್ಲ ಕಡೆ ಇರುವುದೇ ಎನ್ನುತ್ತಾರೆ. ಹನ್ನೊಂದು ತಿಂಗಳ ಬಳಿಕ ಹಣ ಮುರಿದುಕೊಂಡು, ಬ್ರಷ್ಷು ಮುಟ್ಟಿಸದ ಅದೇ ಗೋಡೆಗಳನ್ನು ಮುಂದಿನ ಬಾಡಿಗೆದಾರನಿಗೆ ತೋರಿಸುತ್ತ ಬ್ರೋಕರ್ ಹೇಳುತ್ತಾರೆ: 'ಬ್ರ್ಯಾಂಡ್ ನ್ಯೂ ಮನೆ ಸಾರ್, ಯಾರೂ ವಾಸ ಮಾಡಿಲ್ಲ, ಪೇಂಟ್ ವಾಸನೆ ಕೂಡ ಹೋಗಿಲ್ಲ ನೋಡಿ.'