ಪ್ಯಾರಿಸ್‌ಗೆ ಒಂದೇ ಸಾಲು ಸಾಲದು ಸರ್

ಚರ್ಮರೋಗ ವಿಭಾಗದ ಚರಿತ್ರೆ ಬಗ್ಗೆ ನಿಮ್ಮ ಬರಹ ಚೆನ್ನಾಗಿದೆ. ಆದರೆ ಅದನ್ನು ವಿಯೆನ್ನಾದ ಚರ್ಮರೋಗ ವೈದ್ಯ ಹೆಬ್ರಾ ಅವರಿಂದ ಶುರು ಮಾಡಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅದು ಬೇಜಾರಾಯಿತು. 1607ರಲ್ಲಿ ಪ್ಲೇಗ್ ರೋಗಿಗಳಿಗೆ ಅಂತ ಊರಾಚೆ ಕಟ್ಟಲು ಶುರು ಮಾಡಿದ ಆಸ್ಪತ್ರೆ ಅದು. 1801ರಲ್ಲಿ ಚರ್ಮದ ಕಾಯಿಲೆಗಳಿಗೆ ಮೀಸಲಾಯಿತು. ಅಲ್ಲಿನ ವೈದ್ಯ ಅಲಿಬೇರ್ ಮರದ ಕೆಳಗೆ ನಿಂತು, ರೋಗಿಗಳನ್ನೇ ತೋರಿಸಿ ಪಾಠ ಮಾಡುತ್ತಿದ್ದರು.

ಆ ಆಸ್ಪತ್ರೆಗೆ ಕಾಯಿಲೆಗಳ ಮೇಣದ ಮಾದರಿ ಮಾಡಿಕೊಟ್ಟ ಬರೆತ್ತಾ ಹೆಸರು ಬಿಟ್ಟಿದ್ದಂತೂ ಸರಿಯಲ್ಲ. ಅವರು ವೈದ್ಯರಲ್ಲ, ಕಾಗದದ ಮುದ್ದೆಯಲ್ಲಿ ಹಣ್ಣುಗಳನ್ನು ಮಾಡಿ ಮಾರುತ್ತಿದ್ದ ಕುಶಲಕರ್ಮಿ. ಫೋಟೋಗಳು ಇನ್ನೂ ಕಪ್ಪು-ಬಿಳುಪಿನಲ್ಲಿದ್ದ ಕಾಲ, ಚರ್ಮದ ಕಾಯಿಲೆಯಲ್ಲಿ ಬಣ್ಣವೇ ಗೊತ್ತಾಗದಿದ್ದರೆ ಏನು ಕಲಿಯೋದು, ಅಲ್ವಾ? ಅವರು ರೋಗಿಯ ಮೈ ಮೇಲೇ ಪ್ಲಾಸ್ಟರ್ ಅಚ್ಚು ತೆಗೆದು, ಮೇಣ ಹುಯ್ದು, ಬಣ್ಣ ಕೊಡುತ್ತಿದ್ದರು. ಸುತ್ತ ಬಿಳಿ ಬಟ್ಟೆ, ಕೆಳಗೆ ಕಪ್ಪು ಹಲಗೆ. ಅಂಥ 4,000ಕ್ಕೂ ಜಾಸ್ತಿ ಮೇಣದ ಮಾದರಿಗಳು ಅಲ್ಲಿನ ಮ್ಯೂಸಿಯಂನಲ್ಲಿವೆ. 1889ರ ಮೊದಲ ಅಂತರರಾಷ್ಟ್ರೀಯ ಚರ್ಮರೋಗ ಸಮ್ಮೇಳನ ನಡೆದಿದ್ದೂ ಅಲ್ಲೇ.

ಇನ್ನೊಂದು ಮಾತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 'ಚರ್ಮ ಮತ್ತು ಲೈಂಗಿಕ ರೋಗ' ಅಂತ ಒಂದೇ ಬೋರ್ಡ್ ಇರುತ್ತದಲ್ಲ, ಅದಕ್ಕೂ ಈ ಚರಿತ್ರೆಯೇ ಕಾರಣ. ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಚರ್ಮದ ಮೇಲೆ ಕಾಣಿಸಿಕೊಳ್ಳುತ್ತಿತ್ತು, ಹಾಗಾಗಿ ಎರಡನ್ನೂ ಒಬ್ಬರೇ ನೋಡಿದರು. ಬರೀ ತುರಿಕೆಗೆ ಬಂದ ಹುಡುಗಿಯರು ಆ ಬೋರ್ಡ್ ಓದಿ, ಚೀಟಿ ಕೈಯಲ್ಲಿಟ್ಟುಕೊಂಡೇ ವಾಪಸ್ ಹೋಗಿದ್ದನ್ನು ನಾನೇ ನೋಡಿದ್ದೇನೆ. ಮುಂದಿನ ಕಂತಿನಲ್ಲಿ ದಯವಿಟ್ಟು ಇದನ್ನು ಬಿಡಿಸಿ ಬರೆಯಿರಿ.