ಚೀಲ ಹೋದದ್ದು ಹೇಗೆ? ಅದನ್ನು ಯಾವಾಗ ಕೇಳ್ತೀರಿ?

ಎರ್ನಾಕುಲಂನಿಂದ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದು ಈಗ ತಾನೇ ಕಾಸರಗೋಡಿನಲ್ಲಿ ಇಳಿದೆವು. ಸ್ನಾನ ಕೂಡ ಆಗಿಲ್ಲ, ಬರೆಯದೆ ಇರಲು ಆಗ್ತಾ ಇಲ್ಲ. ಹೈಕೋರ್ಟಿನಲ್ಲಿ ಭಾವನ ಕೇಸಿಗೆ ಸಿಕ್ಕಿದ್ದು ಎರಡೇ ನಿಮಿಷ. ಲೇಬರ್ ಕೋರ್ಟಿನ ಕೇಸಿಗೆ ಹಾಕಿದ ಸ್ಟೇ, ಅಂದರೆ ತಡೆ, ಮುಂದುವರಿಯಿತು. ಭಾವ ಫೈಲಿನ ರಟ್ಟಿನ ಮೇಲೆ ಹೊಸ ತಾರೀಕು ಬರೆದುಕೊಂಡರು. ಅಲ್ಲಿ ಜಾಗ ಮುಗಿದು ಈಗ ಹಿಂಬದಿಗೆ ಬಂದಿದ್ದಾರೆ.

ಕಥೆ ನಿಮಗೆಲ್ಲ ಗೊತ್ತು. ಗೇರುಬೀಜದ ಕಾರ್ಖಾನೆಯ ಗೋಡೌನಿನಲ್ಲಿ 19 ವರ್ಷ ದುಡಿದವರನ್ನು, ಆರು ಚೀಲ ಕಡಿಮೆ ಬಂತು ಅಂತ ತೆಗೆದು ಹಾಕಿದರು. ಕಂಪನಿಯೊಳಗೆ ನಡೆಸಿದ ವಿಚಾರಣೆಯ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಭಾವ ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಮಲಯಾಳ ಮಾತಾಡ್ತಾರೆ, ಓದಲು ಬರುವುದಿಲ್ಲ. ಸಾಕ್ಷಿ ಹೇಳಿದ ಸೂಪರ್‌ವೈಸರಿಗೆ ಪಾಟೀಸವಾಲು ಹಾಕಲೂ ಬಿಡಲಿಲ್ಲ.

ಲೇಬರ್ ಕೋರ್ಟ್ ಹೇಳಿದ್ದು ಇಷ್ಟೇ: ಈ ವಿಚಾರಣೆ ಸರಿಯಾಗಿ ನಡೆದಿಲ್ಲ, ಆರೋಪ ನಿಜವಾಗಿದ್ದರೆ ಇಲ್ಲೇ ಸಾಕ್ಷಿ ತಂದು ತೋರಿಸಿ. ಕೆಲಸ ವಾಪಸ್ ಕೊಡಿ ಅಂತಲೂ ಹೇಳಿಲ್ಲ. ಆ ನಡುವಿನ ಆದೇಶದ ಮೇಲೆಯೇ ಕಂಪನಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಸ್ಟೇ ತಂದಿತು. ಮೂರು ವರ್ಷ ಆಯ್ತು. ಚೀಲ ಭಾವ ತೆಗೆದರಾ ಇಲ್ವಾ ಅಂತ ಇವತ್ತಿಗೂ ಯಾವ ಕೋರ್ಟೂ ಕೇಳಿಲ್ಲ.

ಇದು ಹೊಸ ರೋಗ ಅಲ್ಲ. 1975ರಲ್ಲೇ ಕೂಪರ್ ಎಂಜಿನಿಯರಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತ್ತು: ಕಂಪನಿಯ ವಿಚಾರಣೆ ಸರಿಯೋ ತಪ್ಪೋ ಅಂತ ಲೇಬರ್ ಕೋರ್ಟ್ ಕೊಟ್ಟ ಆದೇಶ ಹಿಡಿದು ಹೈಕೋರ್ಟಿಗೆ ಓಡಿ ಕೇಸು ನಿಲ್ಲಿಸಬಾರದು, ಆ ಹಂತದಲ್ಲಿ ಹೈಕೋರ್ಟ್ ಕೈ ಹಾಕದೆ ಇರಬಹುದು. 1983ರ ಡಿ.ಪಿ. ಮಹೇಶ್ವರಿ ಕೇಸಂತೂ ಓದಿದರೆ ಸಂಕಟ ಆಗುತ್ತದೆ. 1969ರಲ್ಲಿ ಕೆಲಸ ಹೋದ ಮನುಷ್ಯ. ಅವರು ಕಾನೂನಿನ ಪ್ರಕಾರ ಕಾರ್ಮಿಕರೋ ಅಲ್ಲವೋ ಅನ್ನುವ ಮೊದಲ ಪ್ರಶ್ನೆಯೇ ಸುಪ್ರೀಂ ಕೋರ್ಟಿಗೆ ಹೋಗಿ ಮುಗಿಯುವಾಗ 1983. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಇಂಥ ಎಳೆದಾಟದ ಬಗ್ಗೆ ಆಗಲೇ ಕಟುವಾಗಿ ಬರೆದಿದ್ದರು.

ವಕೀಲರು ಇನ್ನೊಂದು ವಿಷಯ ಹೇಳಿದಾಗ ನನಗೆ ಹೊಟ್ಟೆ ಉರಿದುಹೋಯಿತು. ಭಾವನ ಕೇಸು ಶುರುವಾದಾಗ ಇದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ (2025ರಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂತು) 17ಬಿ ಅಂತ ಒಂದು ಕಲಮು ಇತ್ತು. ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಅಂತ ತೀರ್ಪಾದ ಮೇಲೆ ಕಂಪನಿ ಹೈಕೋರ್ಟಿಗೆ ಹೋದರೆ, ಬೇರೆ ಕೆಲಸ ಸಿಗದ ಕಾರ್ಮಿಕನಿಗೆ ಕೇಸು ಮುಗಿಯುವ ತನಕ ಕೊನೆಯ ಸಂಬಳದಷ್ಟು ಕೊಡಬೇಕು ಅಂತ. ಆದರೆ ನಡುವಿನ ಆದೇಶಕ್ಕೆ ಅದು ಅನ್ವಯಿಸುವುದಿಲ್ಲ. ಅಂದರೆ, ತೀರ್ಪು ಬರುವ ಮೊದಲೇ ಕೇಸನ್ನು ನಿಲ್ಲಿಸಿಬಿಟ್ಟರೆ ಕಂಪನಿ ಒಂದು ಪೈಸೆ ಕೊಡಬೇಕಾಗಿಲ್ಲ. ಅಕ್ಕ ಬೀಡಿ ಕಟ್ಟಿ ಮನೆ ನಡೆಸ್ತಾ ಇದ್ದಾಳೆ.

ಕಂಪನಿಗೂ ಮೇಲಿನ ಕೋರ್ಟಿಗೆ ಹೋಗುವ ಹಕ್ಕಿಲ್ವಾ ಅಂತ ನಮ್ಮವರೇ ಕೆಲವರು ಕೇಳ್ತಾರೆ. ಖಂಡಿತ ಇದೆ. ಕೊನೆಯ ತೀರ್ಪು ಬಂದ ಮೇಲೆ ಹೋಗಲಿ. ಈ ಆದೇಶ ತಪ್ಪು ಅಂತಲೂ ಆಗಲೇ ವಾದ ಮಾಡಲಿ, ಅದಕ್ಕೆ ಯಾರೂ ಬಾಗಿಲು ಹಾಕಿಲ್ಲ. ಮೊದಲು ವಿಷಯದ ವಿಚಾರಣೆ ಆಗಲಿ.

ಒಂದು ಮಾತು ಇವತ್ತು ಹೇಳಲೇಬೇಕು. ಚಾರ್ಜ್‌ಶೀಟ್ (ಕಂಪನಿಯ ಆರೋಪದ ಕಾಗದ) ಬಂದ ದಿನ ಅದನ್ನು ಭಾವನಿಗೆ ಓದಿ ಹೇಳಿದ್ದು ನಾನು. ಸಾಲಿನ ಕೆಳಗೆ ನೀಲಿ ಪೆನ್ನಿನಲ್ಲಿ ಕನ್ನಡ ಬರೆದು ಕೊಟ್ಟೆ. ಬರೆಯುವಾಗ, ತೆಗೆದಿರಬಹುದಾ ಅಂತ ನನಗೂ ಅನಿಸಿತ್ತು. ಎರಡು ದಿನ ಅವರ ಮುಖ ನೋಡಿ ಮಾತಾಡಲು ಆಗಲಿಲ್ಲ. ಮನೆಯವನಾದ ನನಗೇ ಹಾಗಾದರೆ ಊರಿನವರಿಗೆ ಏನು ಅನಿಸುತ್ತಿರಬಹುದು? ಅದನ್ನು ತೊಳೆಯಲು ಇರುವುದು ಒಂದೇ ದಾರಿ, ವಿಚಾರಣೆ. ಅದಕ್ಕೇ ಸ್ಟೇ.

ಚೀಲ ಕಡಿಮೆ ಬಂದ ದಿನ ಹೊರಗೆ ಹೋದ ಲಾರಿಗಳ ಲೆಕ್ಕ ಗೇಟಿನ ಪುಸ್ತಕದಲ್ಲಿದೆ, ಅದನ್ನು ತರಿಸಿ ಅಂತ ಭಾವ ಮೊದಲಿನಿಂದಲೂ ಹೇಳ್ತಾ ಇದ್ದಾರೆ. ಪುಸ್ತಕ ಬರೆಯುತ್ತಿದ್ದ ವಾಚ್‌ಮನ್ ಹೋದ ವರ್ಷ ತೀರಿಕೊಂಡರು. ನಿನ್ನೆ ರಾತ್ರಿ ಶೊರ್ನೂರು ದಾಟಿದ ಮೇಲೆ, ನಿದ್ದೆ ಬಂದಿದೆ ಅಂದುಕೊಂಡಿದ್ದೆ, ಭಾವ ಮೆಲ್ಲಗೆ ಕೇಳಿದರು: "ಆ ಪುಸ್ತಕವಾದರೂ ಉಳಿದಿರಬಹುದಾ ಮಾರಾಯಾ?"